ಏಳು ಅಂದರೆ ಹೋಗು, ಎಂಟು ಅಂದರೆ ಹೋಗಿ ಬಾ

ಇದು ನಡೆದದ್ದೇ. ನನ್ನ ಮೀಸೆಯಾಣೆ, ಕೂತಿರುವ ಈ ಸ್ಟೂಲಿನಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವತ್ತು ಬೆಳಿಗ್ಗೆ ಹತ್ತಕ್ಕೆ ಈ ಮೀಸೆ ಕಾಡಿಗೆಯ ಹಾಗೆ ಕಪ್ಪಗಿತ್ತು. ಹನ್ನೊಂದೂವರೆಗೆ ನೀವು ನೋಡುತ್ತಿರುವ ಹಾಗೆ ಹತ್ತಿಯಂತಾಗಿತ್ತು. ಬಣ್ಣ ಹಚ್ಚುವುದನ್ನು ಬಿಟ್ಟರು ಅಷ್ಟೇ ಎಂದು ನಮ್ಮ ಮನೆಯವಳು ಹೇಳುತ್ತಾಳೆ. ಅವಳು ಲಿಫ್ಟಿನೊಳಗೆ ಇರಲಿಲ್ಲ. ನಾನಿದ್ದೆ.

ಪೆಟ್ಟಿಗೆಗಳನ್ನು ಕೆಳಗಿಡಿ, ಕೂತುಕೊಳ್ಳಿ, ಹೇಳುತ್ತೇನೆ.

ಈ ಕಟ್ಟಡದ ಲಿಫ್ಟು ನಡೆಸುವವನು ನಾನು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಅರವತ್ತು ಸಲ ಮೇಲಕ್ಕೆ ಹೋಗಿದ್ದೇನೆ, ಅರವತ್ತು ಸಲವೂ ಜೀವಂತ ವಾಪಸ್ ಬಂದಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಅದೂ ಎರಡು ಸಲ ಓದಿದ್ದರಿಂದ ಗಟ್ಟಿಯಾಗಿ ಓದಿದ್ದೇನೆ. ನೆಲಮಹಡಿಯಲ್ಲಿ ಗೋಡೌನು, ನಾಲ್ಕನೇ ಮಹಡಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕಾರ್ಖಾನೆ, ನಡುವೆ ಎರಡನೇ ಮಹಡಿಯಲ್ಲಿ ಒಂದು ಸಂಜೆ ಶಾಲೆ. ಹಗಲು ದುಡಿಯುವವರು ಸಂಜೆ ಬಂದು ಅಲ್ಲಿ ಕಂಪ್ಯೂಟರು ಕಲಿಯುತ್ತಾರೆ. ಕಲಿಸುವವಳು ನನ್ನ ಅಕ್ಕನ ಮಗಳು ಪುಟ್ಟಿ. ಮೂವತ್ತೆರಡು ವರ್ಷ ಆಗಿದೆ, ಆದರೂ ನಮಗೆ ಪುಟ್ಟಿಯೇ.

ಕಂಪ್ಯೂಟರಿಗೆ ಅಂಕಿ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲವಂತೆ. ಅದಕ್ಕೆ ಕೆಲಸ ಹೇಳಬೇಕಾದರೆ ಅರ್ಥವಾಗದ ಬೇರೆ ಭಾಷೆಯಲ್ಲಿ ಬರೆಯಬೇಕು. ಬಟ್ಟೆ ಹೊಲಿದು, ಗಾರೆ ಕಲಸಿ ಬಂದವರಿಗೆ ಅದೊಂದು ಬೇರೆ ಹೊರೆ. ಅದಕ್ಕೆ ಪುಟ್ಟಿ ನಮ್ಮ ಮಾತಿನಲ್ಲೇ ಒಂದು ಪುಟ್ಟ ಭಾಷೆ ಕಟ್ಟಿದಳು. ‘ಹೋಗು’, ‘ನಿಲ್ಲು’, ‘ತೆಗೆ’, ‘ಮುಚ್ಚು’, ‘ಇದ್ದರೆ’, ‘ಇಲ್ಲದಿದ್ದರೆ’. ಇಷ್ಟು ಗೊತ್ತಿದ್ದರೆ ಸಾಕು. ನಾವು ಬರೆದದ್ದನ್ನು ಅಂಕಿಗೆ ತಿರುಗಿಸಿ ಯಂತ್ರದ ಕಿವಿಯಲ್ಲಿ ಊದಲು ಇನ್ನೊಂದು ಪ್ರೋಗ್ರಾಮು ಬರೆದಳು. ಅದಕ್ಕೆ ಅವಳಿಟ್ಟ ಹೆಸರು ದುಭಾಷಿ.

ದುಭಾಷಿಯ ಹೊಟ್ಟೆಯೊಳಗೆ ಒಂದು ಪಟ್ಟಿ. ಎಡಗಡೆ ನಮ್ಮ ಮಾತು, ಬಲಗಡೆ ಅಂಕಿ. ‘ಹೋಗು’ ಅಂದರೆ ಏಳು: ಹೋಗಿ ಅಲ್ಲೇ ಇರು. ‘ಹೋಗಿ ಬಾ’ ಅಂದರೆ ಎಂಟು: ಹೋಗಿ, ಹೊರಟಲ್ಲಿಗೆ ವಾಪಸ್ ಬಾ. ಹೀಗೆ ನೂರಾ ನಲವತ್ತು ಸಾಲು. ಅದನ್ನು ಪುಟ್ಟಿಯ ನೋಟುಬುಕ್ಕಿನಿಂದ ನೋಡಿ ಟೈಪು ಮಾಡಿದವಳು ಅಕ್ಕ. ಅಕ್ಕ ಮೂವತ್ತೊಂದು ವರ್ಷ ಕಚೇರಿಯಲ್ಲಿ ಟೈಪಿಸ್ಟು. ಅವಳ ಕೈಯಿಂದ ಒಂದು ಕೊಂಬು ತಪ್ಪಿದ್ದನ್ನು ಕಂಡವರು ಯಾರೂ ಬದುಕಿಲ್ಲ. ಅವಳು ಟೈಪು ಮಾಡಿದ್ದನ್ನು ಪುಟ್ಟಿ ಮತ್ತೆ ನೋಡಲೂ ಇಲ್ಲ.

ತರಗತಿಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಮಾಡಿದ ಮೊಳದುದ್ದದ ಲಿಫ್ಟು ಇತ್ತು. ‘ನಾಲ್ಕಕ್ಕೆ ಹೋಗು’ ಎಂದು ಬರೆದರೆ ಡಬ್ಬಿ ದಾರ ಹಿಡಿದು ಮೇಲೆ ಹೋಗುತ್ತಿತ್ತು, ಆಮೇಲೆ ಕೆಳಗೆ ಬರುತ್ತಿತ್ತು. ಕಲಿಯುವವರು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಅದು ಯಾಕೆ ಕೆಳಗೆ ಬಂತು ಎಂದು ಒಬ್ಬರಾದರೂ ಕೇಳಬೇಡವೇ? ದಾರ ಸಡಿಲವೇನೋ ಎಂದುಕೊಂಡೆವು.

ಅಷ್ಟರಲ್ಲಿ ನನ್ನ ದೊಡ್ಡ ಲಿಫ್ಟಿನ ಗುಂಡಿಗಳ ಫಲಕ ಸುಟ್ಟುಹೋಯಿತು. ಹೊಸದು ಬರಲು ಹನ್ನೆರಡು ದಿನ ಎಂದರು. ರಟ್ಟಿನ ಪೆಟ್ಟಿಗೆಗಳನ್ನು ನಾಲ್ಕನೇ ಮಹಡಿಗೆ ಹೊತ್ತು ಹೊತ್ತು ನಾನು ಎರಡಂಗುಲ ಗಿಡ್ಡವಾದೆ. ಪುಟ್ಟಿಯ ಹಿಂದೆ ಬಿದ್ದೆ.

“ನಿನ್ನ ದುಭಾಷಿನ ಒಂದು ದಿನ ನನ್ನ ಲಿಫ್ಟಿಗೆ ಕೊಡೇ.”

“ಮಾವ, ಅದು ಪಾಠಕ್ಕೆ ಮಾಡಿದ್ದು. ಡಬ್ಬಿ ಎತ್ತೋಕೆ.”

“ಇದೂ ಡಬ್ಬೀನೇ. ಸ್ವಲ್ಪ ದೊಡ್ಡ ಡಬ್ಬಿ.”

ಮೂರು ದಿನ ಪೀಡಿಸಿದ ಮೇಲೆ ಒಪ್ಪಿದಳು. ಎರಡನೇ ಮಹಡಿಯಲ್ಲಿ ಅವಳ ತರಗತಿ ಇರುವುದು ಲಿಫ್ಟಿನ ಬಾಗಿಲಿಗೆ ಎದುರಾಗಿ. ಅಲ್ಲಿಂದ ವೈರು ಎಳೆದು ಲಿಫ್ಟಿನ ಪೆಟ್ಟಿಗೆಗೆ ಸೇರಿಸಿದರು. ಸೇರಿಸಿಕೊಟ್ಟವನು ಲಿಫ್ಟು ಮೆಕ್ಯಾನಿಕ್ಕು, ನನ್ನ ಹಳೇ ದೋಸ್ತ. ಅವನು ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಬ್ರೇಕು ಬಿಚ್ಚಿ ನೋಡಿ ಮುಖ ಹುಳ್ಳಗೆ ಮಾಡಿದ.

“ಚಕ್ರ ಹಿಡಿಯೋ ಲೈನರು ಸವೆದಿದೆ ಕಣೋ. ಇನ್ನು ನಲವತ್ತು ಸಲ ಹಿಡೀಬಹುದು. ನಲವತ್ತೊಂದನೇ ಸಲ ನಾನು ಜವಾಬ್ದಾರ ಅಲ್ಲ. ಮಧ್ಯಾಹ್ನ ಹೊಸದು ಬರುತ್ತೆ, ಅಲ್ಲಿವರೆಗೂ ಪೆಟ್ಟಿಗೆ ಮಾತ್ರ ಕಳಿಸು.”

ಪುಟ್ಟಿಯೂ ಅದನ್ನೇ ಹೇಳಿದಳು. “ಮೊದಲು ಖಾಲಿ ಬಿಟ್ಟು ನೋಡೋಣ. ಮನುಷ್ಯರು ಹತ್ತಕೂಡದು. ನಾನು ಬಂದು ಹೇಳೋವರೆಗೂ ಆ ಸ್ವಿಚ್ ಮುಟ್ಟಬೇಡಿ ಮಾವ.”

ಆಯಿತು ಎಂದೆ. ಅಷ್ಟರಲ್ಲಿ ಅಕ್ಕ ಮಗಳಿಗೆ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ಅವಳ ಮೊಣಕಾಲು ಎರಡೂ ಮುಷ್ಕರ ಹೂಡಿ ವರ್ಷವಾಗಿತ್ತು. ಮೆಟ್ಟಿಲ ಕೆಳಗೆ ನಿಂತು, ಬೆಟ್ಟ ನೋಡುವ ಹಾಗೆ ಮೇಲೆ ನೋಡಿದಳು. ನನಗೆ ಕರುಳು ಚುರ್ ಎಂದಿತು. ನಿಜ ಹೇಳಬೇಕೆಂದರೆ ಕರುಳಿಗಿಂತ ಹೆಚ್ಚಾಗಿ ಜಂಭ ಚುರುಗುಟ್ಟಿತು.

“ಹತ್ತಕ್ಕ. ನಿನ್ನ ಮಗಳ ಯಂತ್ರ ಈಗ ಇದು. ನಾಲ್ಕಕ್ಕೆ ಹೋಗತ್ತೆ, ಅಲ್ಲಿಂದ ಎರಡಕ್ಕೆ ಇಳಿದು ಬಾ. ಹತ್ತೋದಕ್ಕಿಂತ ಇಳಿಯೋದು ಸುಲಭ.”

“ಇದು ಗಟ್ಟಿ ಇದೆಯೇನೋ?”

“ನನಗಿಂತ ಗಟ್ಟಿ.”

“ಹಾಗಾದ್ರೆ ಬೇಡ,” ಎಂದಳು. ಆದರೂ ಹತ್ತಿದಳು. ನಾನು ಸ್ವಿಚ್ ಒತ್ತಿ ಒಳಗೆ ನುಗ್ಗಿದೆ. ಜಾಲರಿ ಬಾಗಿಲು ತಾನಾಗಿ ಎಳೆದುಕೊಂಡು ಕಟಕ್ಕೆಂದು ಚಿಲಕ ಹಾಕಿಕೊಂಡಿತು.

ಲಿಫ್ಟು ಮೇಲೆ ಹೋಯಿತು. ಎರಡು ದಾಟಿತು, ಮೂರು ದಾಟಿತು, ನಾಲ್ಕರಲ್ಲಿ ನಿಂತಿತು. ನಾನು ಮೀಸೆ ತಿರುವಿದೆ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಬಾಗಿಲು ತೆರೆಯಲಿಲ್ಲ. ಲಿಫ್ಟು ಕೆಳಗೆ ಹೊರಟಿತು. ನೆಲಮಹಡಿಗೆ ಬಂತು, ಮೂರು ಎಣಿಸುವಷ್ಟು ನಿಂತಿತು, ಬಾಗಿಲು ತೆರೆಯದೆ ಮತ್ತೆ ಮೇಲಕ್ಕೆ ಹೊರಟಿತು.

“ಏನೋ ಇದು, ತೊಟ್ಟಿಲು ತೂಗಿದ ಹಾಗೆ?” ಎಂದಳು ಅಕ್ಕ.

“ಹೊಸ ಯಂತ್ರ ಅಲ್ವಾ ಅಕ್ಕ, ನಾಚಿಕೆ.”

ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. ಒಳಗಿನ ಕೆಂಪು ಗುಂಡಿ ಒತ್ತಿ ನಿಲ್ಲಿಸೋಣವೆಂದರೆ ಅದು ಹಳೇ ಫಲಕದ ಜೊತೆಗೇ ಸುಟ್ಟುಹೋಗಿತ್ತು. ಬಾಗಿಲು ಎಳೆದೆ. ಗೋಡೆಯನ್ನು ಎಳೆದ ಹಾಗಾಯಿತು. ಮೇಲಿನಿಂದ ರಬ್ಬರು ಸುಟ್ಟ ವಾಸನೆ ಸಣ್ಣಗೆ ಇಳಿದು ಬರುತ್ತಿತ್ತು. ಆಗ ನನಗೆ ನಲವತ್ತು ನೆನಪಾಯಿತು. ಬೆರಳು ಮಡಚಿದೆ. ಒಂದು ಸುತ್ತಿನಲ್ಲಿ ಮೇಲೊಂದು ಹಿಡಿತ, ಕೆಳಗೊಂದು ಹಿಡಿತ. ಆಗಲೇ ಆರು ಮುಗಿದಿತ್ತು.

ಎರಡನೇ ಮಹಡಿ ದಾಟುವಾಗ ಜಾಲರಿಯಾಚೆ ಪುಟ್ಟಿ ನಿಂತಿದ್ದಳು. ಅವಳ ಕಾಲು ಕಂಡಿತು, ಆಮೇಲೆ ಮುಖ. ಮುಖ ಸುಣ್ಣವಾಗಿತ್ತು.

“ಯಾರದು ಒಳಗೆ? ಮಾವ?”

“ನಾನೂ ನಿಮ್ಮಮ್ಮಾನೂ.”

“ಯಾಕೆ ಹತ್ತಿದ್ರಿ?”

ಅಷ್ಟರಲ್ಲಿ ದಾಟಿಹೋದೆವು. ಆ ಪ್ರಶ್ನೆಗೆ ಉತ್ತರ ಯೋಚಿಸಲು ನನಗೆ ಅರ್ಧ ಸುತ್ತು ಸಿಕ್ಕಿತು. ಸಾಲಲಿಲ್ಲ.

ಮೋಟಾರು ಕೋಣೆಯಿಂದ ಮೆಕ್ಯಾನಿಕ್ಕಿನ ದನಿ ಆಕಾಶವಾಣಿಯ ಹಾಗೆ ಇಳಿದು ಬಂತು. “ಯಾರೂ ಮೇನ್ ಸ್ವಿಚ್ ತೆಗೀಬೇಡಿ. ತೆಗೆದ್ರೆ ಮೋಟಾರು ಕೈಬಿಡುತ್ತೆ, ಎಲ್ಲಾ ಭಾರ ಈ ಬ್ರೇಕ್ ಮೇಲೆ. ಇದಕ್ಕೆ ಆಗಲ್ಲ.”

“ಆಗದಿದ್ರೆ ಬೀಳ್ತೀವಾ?” ಎಂದು ಅಕ್ಕ ಕೂಗಿ ಕೇಳಿದಳು.

“ಬೀಳಲ್ಲಮ್ಮ. ಆಚೆ ಪಕ್ಕ ಕಬ್ಬಿಣದ ತೂಕ ಇದೆಯಲ್ಲ, ನೀವಿಬ್ಬರೇ ಅದಕ್ಕೆ ಸಮ ಆಗಲ್ಲ. ಅದು ಕೆಳಗೆ ಹೋಗುತ್ತೆ. ನೀವು ಮೇಲಕ್ಕೆ ಹೋಗ್ತೀರಿ.”

ಅಕ್ಕ ನನ್ನ ಕಡೆ ತಿರುಗಿದಳು. “ಮೇಲಕ್ಕೆ ಅಂದ್ರೆ ಯಾವ ಮೇಲಕ್ಕೋ?”

“ಮೊದಲು ಮೋಟಾರು ಕೋಣೆಗೆ, ಅಕ್ಕ. ಆಮೇಲೆ ನೀನಂದುಕೊಂಡಿರೋ ಮೇಲಕ್ಕೆ.”

ಅಕ್ಕನ ಉಗುರು ನನ್ನ ತೋಳಿನೊಳಗಿತ್ತು, ಗುರುತು ಈಗಲೂ ಇದೆ, ಆಮೇಲೆ ತೋರಿಸುತ್ತೇನೆ. ಲಿಫ್ಟು ಪ್ರತಿ ಸಲ ಮೇಲೆ ನಿಂತಾಗ ಒಂದು ಸಣ್ಣ ಜಾರಿಕೆ, ಅರ್ಧ ಬೆರಳಿನಷ್ಟು. ಮುಂದಿನ ಸಲ ಮುಕ್ಕಾಲು ಬೆರಳು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದು ಎದುರು ಅಂಗಡಿಯವನು ಎದ್ದು ಹೊರಗೆ ಬಂದು ನೋಡಿದ. ದೇಹ ನಾಲ್ಕಕ್ಕೂ ನೆಲಕ್ಕೂ ಓಡಾಡುತ್ತಿತ್ತು, ಜೀವ ಮಾತ್ರ ಎರಡನೇ ಮಹಡಿಯಲ್ಲಿ ಇಳಿದುಕೊಂಡು ಪುಟ್ಟಿಯ ಪಕ್ಕ ಕೂತಿತ್ತು.

ಪುಟ್ಟಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ತಾನು ಬರೆದ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಒಂದು ಸುತ್ತಿನಲ್ಲಿ ಎರಡು ಸಲ ನಮಗೂ ಕೇಳಿಸುತ್ತಿತ್ತು.

“ಬಾಗಿಲು ಮುಚ್ಚು. ನಾಲ್ಕಕ್ಕೆ ಹೋಗು. ನಾಲ್ಕರಲ್ಲಿ ಇದ್ದರೆ ಬಾಗಿಲು ತೆಗೆ. ಇಲ್ಲದಿದ್ದರೆ ಮತ್ತೆ ನಾಲ್ಕಕ್ಕೆ ಹೋಗು. ಸರಿಯಾಗೇ ಇದೆ ಮಾವ.”

ಇನ್ನೊಂದು ಸುತ್ತು.

“‘ಇದ್ದರೆ’ ತಪ್ಪಿರಬಹುದು ಅಂತ ನೋಡ್ದೆ. ಅದೂ ಸರಿ ಇದೆ.”

ಇನ್ನೊಂದು. ಇಪ್ಪತ್ತು ಮುಗಿಯಿತು.

“ಪಟ್ಟಿ ನೋಡೇ,” ಎಂದು ನಾನು ಕೂಗಿದೆ.

“ಪಟ್ಟಿ ಅಮ್ಮ ಟೈಪು ಮಾಡಿದ್ದು. ಅದ್ರಲ್ಲಿ ತಪ್ಪಿರಲ್ಲ,” ಎಂದಳು. ಅಷ್ಟು ಭಯದಲ್ಲೂ ಅಕ್ಕನ ಬೆನ್ನು ನೆಟ್ಟಗಾಯಿತು.

ಇಪ್ಪತ್ತನಾಲ್ಕು. ಈಗ ವಾಸನೆಯ ಜೊತೆ ಹೊಗೆಯೂ ಇಳಿಯುತ್ತಿತ್ತು. ಮೆಕ್ಯಾನಿಕ್ಕು ಮೇಲೆ ಕೆಮ್ಮುತ್ತಲೇ ಹಿಡಿತ ಎಣಿಸುತ್ತಿದ್ದ. ನಾನು ನೆಲದ ಮೇಲೆ ಕೂತುಬಿಟ್ಟೆ. ಇದು ಮುಗಿಯಿತು ಅನ್ನಿಸಿತು. ಆದರೆ ಅಕ್ಕನಾದರೂ ಉಳಿಯಬೇಕು. ಕೆಳಗೆ ನಿಂತಾಗ ಜಾಲರಿಯ ಮೂಲೆ ಒದ್ದು ಬಗ್ಗಿಸಿದರೆ ಅವಳು ತೂರಬಹುದೇನೋ ಎಂದು ಲೆಕ್ಕ ಹಾಕಿದೆ.

“ಅಕ್ಕ, ಈ ಸಲ ಕೆಳಗೆ ನಿಂತಾಗ ನಾನು ಒದೀತೀನಿ. ಸಂದಿ ಆದ ತಕ್ಷಣ ನೀನು ಹೋಗು.”

ಅಕ್ಕ ನನ್ನ ತಲೆಗೆ ಮೊಟಕಿದಳು. ಅಂಥ ಹೊತ್ತಿನಲ್ಲೂ. “ಹೋಗು ಅಂತಾರೇನೋ? ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ? ಹೋಗಿ ಬಾ ಅನ್ನು.”

ಇದು ಅಕ್ಕನ ಹಳೇ ಪಾಠ. ಇಪ್ಪತ್ತೆಂಟು ವರ್ಷದ ಹಿಂದೆ ಭಾವ ಒಂದು ಬೆಳಿಗ್ಗೆ ಜಗಳವಾಡಿ, ‘ಹೋಗ್ತೀನಿ’ ಎಂದಷ್ಟೇ ಹೇಳಿ ಹೊರಟಿದ್ದರು. ಹನ್ನೊಂದು ದಿನ ಬರಲಿಲ್ಲ. ಹನ್ನೆರಡನೇ ದಿನ ಹೊಸ ಛತ್ರಿ ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಬಂದರು. ಆದರೆ ಆ ಹನ್ನೊಂದು ದಿನ ಬಾಗಿಲಲ್ಲಿ ಕೂತವಳು ಅಕ್ಕ. ಆವತ್ತಿನಿಂದ ಅವಳ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ‘ಹೋಗಿ ಬರ್ತೀನಿ’. ಹಾಲಿನವನಿಗೂ ‘ಹೋಗಿ ಬಾ’. ಕಾಲು ನೋವಿಗೂ ‘ಹೋಗಿ ಬಾ’ ಎನ್ನುತ್ತಾಳೇನೋ, ಅದಕ್ಕೇ ಅದು ವಾಪಸ್ ಬರುತ್ತದೆ.

ಮೊಟಕಿದ ಕೈ ನನ್ನ ತಲೆಯ ಮೇಲೇ ನಿಂತುಬಿಟ್ಟಿತು. ನಾನು ಮೇಲೆ ನೋಡಿದೆ. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ.

“ಲೋ,” ಎಂದಳು ಮೆಲ್ಲಗೆ. “ಆ ಪಟ್ಟೀಲಿ ‘ಹೋಗು’ ಅಂತ ಒಂದಿತ್ತು.”

“ಹೂಂ?”

“ಏಳು ಅಂತ ಬರೆದಿದ್ಲು. ಅಲ್ಲೇ ಇರು ಅಂತ ಅರ್ಥ. ಮಕ್ಕಳು ಕಲಿಯೋ ಪಾಠ, ಹೋದವರು ವಾಪಸ್ ಬರಬಾರದು ಅಂತ ಹೇಗೋ ಬರೆಯೋದು? ಅದಕ್ಕೆ...”

“ಅದಕ್ಕೆ?”

“ಅದಕ್ಕೂ ಎಂಟೇ ಹಾಕಿದೆ.”

ಲಿಫ್ಟು ನೆಲಮಹಡಿಯಲ್ಲಿ ನಿಂತಿತು. ಇಪ್ಪತ್ತಾರು. ನನಗೆ ಎಲ್ಲಾ ಹೊಳೆಯಿತು, ಮೂರನೇ ಕ್ಲಾಸು ಎರಡು ಸಲ ಓದಿದ್ದು ವ್ಯರ್ಥವಾಗಲಿಲ್ಲ. ಪುಟ್ಟಿ ಬರೆದದ್ದು ‘ನಾಲ್ಕಕ್ಕೆ ಹೋಗು’. ದುಭಾಷಿ ಯಂತ್ರಕ್ಕೆ ಹೇಳಿದ್ದು ‘ನಾಲ್ಕಕ್ಕೆ ಹೋಗಿ ಬಾ’. ಲಿಫ್ಟು ಪಾಪ, ಹೋಗುತ್ತದೆ, ಬರುತ್ತದೆ. ಬಂದ ಮೇಲೆ ನೋಡುತ್ತದೆ: ನಾಲ್ಕರಲ್ಲಿ ಇದ್ದೀನಾ? ಇಲ್ಲ. ಹಾಗಾದರೆ ಮತ್ತೆ ಹೋಗಿ ಬಾ. ಹೇಳಿದವಳದೂ ತಪ್ಪಿಲ್ಲ, ಮಾಡುವವನದೂ ತಪ್ಪಿಲ್ಲ, ನಡುವೆ ನಿಂತು ಅರ್ಥ ಹೇಳಿದವನಿಗೆ ಅಕ್ಕ ಮರ್ಯಾದೆ ಕಲಿಸಿದ್ದಳು.

ಎರಡನೇ ಮಹಡಿ ಬಂತು. ಮಾತಾಡಲು ಎರಡು ಉಸಿರಿನಷ್ಟು ಹೊತ್ತು. ಅಕ್ಕ ಜಾಲರಿಗೆ ಬಾಯಿ ಹಚ್ಚಿ ಕೂಗಿದಳು. “ಏಳು, ಪುಟ್ಟಿ, ಏಳು.”

ಪುಟ್ಟಿ ಸ್ಟೂಲಿನ ಮುಂದಿನಿಂದ ದಿಗ್ಗನೆ ಎದ್ದು ನಿಂತಳು. “ಎದ್ದೆ ಅಮ್ಮ, ಯಾಕೆ?”

ದಾಟಿಹೋದೆವು.

ಇಂಥ ಹೊತ್ತಿನಲ್ಲಿ ನಗು ಬರುತ್ತದೆಯೇ ಎಂದು ಕೇಳಬೇಡಿ. ಬಂತು. ಅಳುವೂ ಅದರ ಬೆನ್ನಿಗೇ ಬಂತು. ಮೇಲೆ ನಿಂತಾಗ ಲಿಫ್ಟು ಎರಡು ಬೆರಳು ಜಾರಿತು. ಇಪ್ಪತ್ತೇಳು. ಇಳಿಯುವಾಗ ನಾನು ಕೂಗಿದೆ, “ಪಟ್ಟೀಲಿ ಹೋಗು.”

“ಎಲ್ಲಿಗೆ ಹೋಗ್ಲಿ?” ಎಂದಳು ಪುಟ್ಟಿ, ಅಳುತ್ತಾ.

ಒಂದು ಸುತ್ತು ಹೀಗೆ ನೀರಲ್ಲಿ ಹೋಮವಾಯಿತು. ಇಪ್ಪತ್ತೆಂಟು. ಅಕ್ಕ ಕಣ್ಣು ಮುಚ್ಚಿ, ಕಚೇರಿಯಲ್ಲಿ ಸಾಹೇಬರು ಹೇಳಿ ಬರೆಸುತ್ತಿದ್ದ ದನಿ ತಂದುಕೊಂಡಳು. ಎರಡನೇ ಮಹಡಿ ಬರುತ್ತಲೇ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದಳು.

“ಪಟ್ಟಿ. ಹೋಗು ಅನ್ನೋ ಸಾಲು. ಎಂಟು ಇದೆ. ತಪ್ಪು. ನಾನು ಮಾಡಿದ್ದು.”

ಪುಟ್ಟಿ ಅಲುಗಲಿಲ್ಲ. ಆ ಕೊನೆಯ ಎರಡು ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಮೇಲೆ ಸ್ಟೂಲಿನ ಮುಂದೆ ದೊಪ್ಪನೆ ಕೂತಳು.

ಮುಂದಿನ ಸಲ ಇಳಿಯುವಾಗ ಅವಳ ಬೆರಳುಗಳು ಓಡುತ್ತಿದ್ದವು. “ಸಿಕ್ಕಿತು. ದುಭಾಷಿ ಮತ್ತೆ ಮೊದಲಿಂದ ಎಲ್ಲಾ ತಿರುಗಿಸಬೇಕು. ನಾಲ್ಕು ಸುತ್ತು ತಡ್ಕೊಳ್ಳಿ.”

ನಾಲ್ಕು ಸುತ್ತು. ಹೇಳುವುದು ಸುಲಭ. ಮೂವತ್ತೆರಡು, ಮೂವತ್ತನಾಲ್ಕು. ಮೆಕ್ಯಾನಿಕ್ಕು ಮೇಲಿಂದ ಎಣಿಸುವುದನ್ನು ನಿಲ್ಲಿಸಿದ್ದ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮೂವತ್ತಾರು. ಊಟದ ಡಬ್ಬಿ ಮೂಲೆಯಿಂದ ಮೂಲೆಗೆ ತಾನಾಗಿ ಸರಿಯುತ್ತಿತ್ತು.

“ಸಿದ್ಧ ಇದೆ,” ಎಂದಳು ಪುಟ್ಟಿ ಮೂವತ್ತೇಳಕ್ಕೆ ಏರುವಾಗ. “ಆದ್ರೆ ನಿಂತಿರುವಾಗಲೇ ಬದಲಾಯಿಸಬೇಕು. ಓಡುವಾಗ ಬದಲಾಯಿಸಿದ್ರೆ ಮೋಟಾರು ಕೈಬಿಡುತ್ತೆ. ಕೆಳಗೆ ನಿಂತ ತಕ್ಷಣ ಕೂಗಿ.”

ಇಳಿಯುವಾಗ ಅವಳು ಇನ್ನೊಂದು ಮಾತು ಕೇಳಿದಳು, ಮೆಲ್ಲಗೆ. “ಅಮ್ಮ, ಏಳು ಮಾಡ್ಲಾ?”

ಅವಳಿಗೂ ಗೊತ್ತಿತ್ತು, ಕೇಳುತ್ತಿರುವುದು ಅಂಕಿಯನ್ನಲ್ಲ ಎಂದು. ಅಕ್ಕ ನನ್ನ ತೋಳು ಬಿಟ್ಟಳು. ಸೆರಗು ಸರಿ ಮಾಡಿಕೊಂಡಳು.

“ಮಾಡು. ನಾವು ಹೋಗ್ತೀವಿ.”

ಬರ್ತೀವಿ ಅನ್ನಲಿಲ್ಲ. ಇಪ್ಪತ್ತೆಂಟು ವರ್ಷದ ಮೇಲೆ ಮೊದಲ ಸಲ. ಭಯ ಅಂದರೆ ಏನು ಎಂದು ನನಗೆ ತಿಳಿದದ್ದು ಆಗ, ಹೊಗೆಗೂ ಅಲ್ಲ, ಜಾರಿಕೆಗೂ ಅಲ್ಲ.

ಲಿಫ್ಟು ನೆಲಮಹಡಿಯಲ್ಲಿ ನಿಂತಿತು. ಮೂವತ್ತೆಂಟು.

“ನಿಂತಿದೆ,” ಎಂದು ಕೂಗಿದೆ. ದನಿ ಬರಲಿಲ್ಲ. ಗಾಳಿ ಬಂತು. ಒಂದು. ಅಕ್ಕ ಊಟದ ಡಬ್ಬಿ ಎತ್ತಿಕೊಂಡು ಜಾಲರಿಗೆ ಬಡಿದಳು, ಢಣ್ ಢಣ್ ಎಂದು. ಎರಡು. ಮೇಲೆ ಕೀಲಿ ಒತ್ತಿದ ಸದ್ದು ನನಗೆ ಇಲ್ಲಿಗೆ ಕೇಳಿಸಿತು, ನಂಬಿದರೆ ನಂಬಿ. ಮೂರು.

ಲಿಫ್ಟು ಹೊರಟಿತು. ಹಳೇದೋ ಹೊಸದೋ, ಯಾವ ಮಾತು ಕೇಳಿ ಹೊರಟಿತೋ ಗೊತ್ತಿಲ್ಲ. ಒಂದು ದಾಟಿತು. ಎರಡರಲ್ಲಿ ಪುಟ್ಟಿ ಎರಡೂ ಕೈಯಿಂದ ಜಾಲರಿ ಹಿಡಿದಿದ್ದಳು. ಮೂರು. ನಾಲ್ಕು. ನಿಂತಿತು. ಮೂವತ್ತೊಂಬತ್ತು. ಮೂರು ಬೆರಳು ಜಾರಿತು, ಹಿಡಿಯಿತು. ಒಂದು ಎಣಿಸಿದೆ. ಎರಡು ಎಣಿಸಿದೆ. ಮೂರು ಎಣಿಸಲು ಬಾಯಿ ಬರಲಿಲ್ಲ.

ಕಟಕ್ಕೆಂದು ಚಿಲಕ ಬಿಚ್ಚಿತು. ಬಾಗಿಲು ಸರಿಯಿತು.

ಅಕ್ಕ ಮೊದಲು ಇಳಿದಳೋ ನಾನು ಇಳಿದೆನೋ ಎಂದು ನಮ್ಮಿಬ್ಬರಲ್ಲಿ ಈಗಲೂ ವಾದವಿದೆ, ಅದನ್ನು ಬಿಡಿ. ರಟ್ಟು ಹಾಕುವವರು ಅಂಟಿನ ಕೈಯಲ್ಲೇ ನಮ್ಮನ್ನು ಹಿಡಿದು ಕೂರಿಸಿದರು. ಸಂಜೆವರೆಗೂ ನನ್ನ ಅಂಗಿಯಿಂದ ಅವರ ಬೆರಳು ಬಿಡಲಿಲ್ಲ. ಪುಟ್ಟಿ ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದಳು. ಬೈಯುತ್ತಾಳೆ ಎಂದು ನಾನು ಅಕ್ಕನ ಹಿಂದೆ ಸೇರಿಕೊಂಡೆ. ಬೈಯಲಿಲ್ಲ. ಅಮ್ಮನ ಮಡಿಲಲ್ಲಿ ತಲೆಯಿಟ್ಟು ಕೂತಳು. ಡಬ್ಬಿಯೊಳಗಿನ ಊಟ ಎಷ್ಟು ಕುಲುಕಿತ್ತೆಂದರೆ ಯಾವುದು ಅನ್ನ ಯಾವುದು ಸಾರು ಗೊತ್ತಾಗುತ್ತಿರಲಿಲ್ಲ. ಮೂವರೂ ಅದನ್ನೇ ತಿಂದೆವು.

ತಿಂದು ಕೈ ತೊಳೆದು ಪುಟ್ಟಿ ಎದ್ದಳು. “ಅಮ್ಮ, ಪಟ್ಟಿ ಪೂರ್ತಿ ಒಂದು ಸಲ ನೋಡ್ಬೇಕು. ಕೆಳಗೆ ಹೋಗಿ ಬರ್ತೀನಿ.”

“‘ಹಾಳಾಗು’ ಅಂತ ಒಂದು ಇತ್ತು,” ಎಂದಳು ಅಕ್ಕ, ನೆಲ ನೋಡುತ್ತಾ. “ಅದನ್ನೂ ಸ್ವಲ್ಪ ನೋಡು. ‘ಚೆನ್ನಾಗಿರು’ ಅಂತ ಮಾಡಿದೀನಿ.”

ಅದು ‘ಹಾಳೆಗೆ’. ಹಾಳೆಗೆ ಅಚ್ಚು ಹಾಕು ಅನ್ನುವುದಕ್ಕೆ ಬರೆದದ್ದು. ಒಂದು ದೀರ್ಘವನ್ನೂ ಒಂದು ಕೊಂಬನ್ನೂ ತಾನೇ ಸೇರಿಸಿ ಓದಿದ್ದಳು. ಮೂವತ್ತೊಂದು ವರ್ಷದ ಮರ್ಯಾದೆ ಒಂದೇ ದಿನ ಎರಡು ಸಲ ಹೋಯಿತು. ವಾಪಸ್ ಬಂದಿಲ್ಲ.

ಇಷ್ಟೇ ಕಥೆ. ಹೊಸ ಲೈನರು ಹಾಕಿದ್ದಾರೆ, ಹೊಸ ಫಲಕವೂ ಬಂದಿದೆ, ಲಿಫ್ಟು ಬೆಣ್ಣೆಯ ಹಾಗೆ ಓಡುತ್ತದೆ. ಆದರೆ ಇಷ್ಟೆಲ್ಲ ಕೇಳಿದ ಮೇಲೆ ನೀವು ಹತ್ತುತ್ತೀರಾ? ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ಹತ್ತುವುದಿಲ್ಲ. ಜಾಣರು. ಮೆಟ್ಟಿಲು ಆ ಕಡೆಗಿದೆ. ಹೇಗೂ ನಿಮ್ಮ ಎರಡು ಪೆಟ್ಟಿಗೆ ಹೊತ್ತುಕೊಂಡು ಹತ್ತುತ್ತಿದ್ದೀರಿ, ಅದರ ಮೇಲೆ ನನ್ನ ಈ ಮೂರನ್ನೂ ಇಟ್ಟುಕೊಳ್ಳಿ, ನಾಲ್ಕನೇ ಮಹಡಿಗೇ ಕೊಡಬೇಕಾದ್ದು. ಹಾಂ, ಒಂದು ಮಾತು. ನಿಮಗೆ ನಾನು ಹೇಳುತ್ತಿರುವುದು ಏಳಲ್ಲ, ಎಂಟು. ಮೇಲೆ ಇನ್ನೂ ಆರು ಖಾಲಿ ಪೆಟ್ಟಿಗೆ ಇವೆ. ಬರಿಗೈಯಲ್ಲಿ ಇಳಿಯಬೇಡಿ.